ಸದಸ್ಯತ್ವವೇ ಅಪರಾಧವಾದಾಗ: ಹೊಸಪೇಟೆ–ಸಂಡೂರು ಸೀಮೆ ಮತ್ತು ಸಂಘಟನೆಯ ಹಕ್ಕು

ಹೊಸಪೇಟೆ, ಹಂಪಿ, ಕಂಪ್ಲಿಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನವೂ 1949ರ ಏಪ್ರಿಲ್ 1ರಂದು ಮದ್ರಾಸಿಗೇ ಸೇರಿತ್ತು. ಈ ಚರಿತ್ರೆಯನ್ನು ಗಡಿ ಮತ್ತು ಭಾಷೆಯ ಪ್ರಶ್ನೆಯಾಗಿ ಓದುವುದು ವಾಡಿಕೆ. ನಾಲ್ಕು ಜನ ಸೇರಿ ಸಂಘ ಕಟ್ಟುವ ಹಕ್ಕಿನ ಚರಿತ್ರೆಯಾಗಿ ಓದಿದವರು ಕಡಿಮೆ.

ಬ್ರಿಟಿಷ್ ಸರ್ಕಾರ 1908ರಲ್ಲಿ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ ತಂದಾಗ ಅದರ ಕಣ್ಣಿದ್ದದ್ದು ಬಂಗಾಳದ ಕ್ರಾಂತಿಕಾರಿ ಸಮಿತಿಗಳ ಮೇಲೆ. ಒಂದು ಸಂಘವನ್ನು ಕಾನೂನುಬಾಹಿರ ಎಂದು ಸರ್ಕಾರ ಘೋಷಿಸಿದರೆ ಸಾಕು, ಅದರ ಸದಸ್ಯನಾಗಿರುವುದೇ ಆರು ತಿಂಗಳ ಸಜೆಗೆ ಕಾರಣವಾಗುತ್ತಿತ್ತು. ಸಂಘವನ್ನು ನಡೆಸಿದವನಿಗೆ ಮೂರು ವರ್ಷ. ಆತ ಏನು ಮಾಡಿದ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. 1930ರ ದಶಕದ ಆರಂಭದಲ್ಲಿ ಇದೇ ಅಸ್ತ್ರ ಕಾಂಗ್ರೆಸ್ ಸಮಿತಿಗಳ ಮೇಲೆ ಬಿತ್ತು. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಬಳ್ಳಾರಿಯ ಅಲ್ಲೀಪುರ ಜೈಲಿಗೆ ಬಂದ ಕೈದಿಗಳಲ್ಲಿ ಕೆ. ಕಾಮರಾಜರೂ ಒಬ್ಬರು.

ಸ್ವಾತಂತ್ರ್ಯ ಬಂದ ಮೇಲೂ ಆ ಕಾಯ್ದೆ ಹೋಗಲಿಲ್ಲ. ಮದ್ರಾಸ್ ಸರ್ಕಾರ ಅದಕ್ಕೆ 1950ರಲ್ಲಿ ತಿದ್ದುಪಡಿ ತಂದಿತು. ಅದೇ ವರ್ಷದ ಮಾರ್ಚ್ 10ರಂದು ಪೀಪಲ್ಸ್ ಎಜುಕೇಶನ್ ಸೊಸೈಟಿ ಎಂಬ ನೋಂದಾಯಿತ ಸಂಘ ಕಾನೂನುಬಾಹಿರವೆನಿಸಿತು. ಅದರ ಕಾರ್ಯದರ್ಶಿ ವಿ.ಜಿ. ರಾವ್ ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ ಅವರ ಪರ ನಿಂತಿತು. 1952ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳ ತೀರ್ಪಿನ ತಿರುಳು ಇಷ್ಟು: ಗೆಜೆಟ್‌ನಲ್ಲಿ ಪ್ರಕಟಿಸಿ, ಸಲಹಾ ಮಂಡಳಿಯೊಂದರ ಮುಂದೆ ಕಾಗದಪತ್ರ ಇಟ್ಟು, ಸಂಘದವರಿಗೆ ಖುದ್ದಾಗಿ ಮಾತಾಡಲೂ ಬಿಡದೆ ಮೂಲಭೂತ ಹಕ್ಕನ್ನು ಕಸಿಯುವಂತಿಲ್ಲ, ನಿರ್ಬಂಧಕ್ಕಿರುವ ಕಾರಣಗಳನ್ನು ನ್ಯಾಯಾಲಯವೇ ಪರೀಕ್ಷಿಸಬೇಕು. ಸಂಘ ಕಟ್ಟುವ ಹಕ್ಕು ಕೊಡುವ ಸಂವಿಧಾನದ 19(1)(ಸಿ) ವಿಧಿಗೆ ಜೀವ ಬಂದದ್ದು ಈ ತೀರ್ಪಿನಿಂದ. ಆಗಿನ್ನೂ ಮದ್ರಾಸ್ ರಾಜ್ಯದಲ್ಲೇ ಇದ್ದ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜನರಿಗೆ ಅದು ನೇರವಾಗಿ ಸಂಬಂಧಿಸಿತ್ತು.

ತೀರ್ಪು ಬಂದು ಎರಡು ದಶಕ ಕಳೆಯುವಷ್ಟರಲ್ಲಿ ಸಂಡೂರಿನ ರೈತರು ಬೀದಿಗಿಳಿದರು. ಸಂಸ್ಥಾನ ಹೋಗಿದ್ದರೂ ಇನಾಂ ಭೂಮಿಯ ಹಂಗು ಹೋಗಿರಲಿಲ್ಲ. 1973ರಲ್ಲಿ ಸಮಾಜವಾದಿಗಳ ಮುಂದಾಳ್ತನದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿ ಜೈಲು ಸೇರಿದರು. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಆಗ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರು. ಒಂಟಿ ಗೇಣಿದಾರ ಅರಮನೆಯ ಮುಂದೆ ನಿಂತು ಕೇಳಲಾಗದ್ದನ್ನು ಸಂಘವಾಗಿ ಕೇಳಿದ. ಸಂಡೂರು ಪ್ರದೇಶಕ್ಕೆಂದೇ ಇನಾಂ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. ಅದೇ ವರ್ಷ ಸಮಾಜವಾದಿಗಳ ಒಡನಾಡಿ, ರಂಗಕರ್ಮಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ರೈತರಿಗೆ ಭೂಮಿಯ ಹಕ್ಕನ್ನು ಬರೆದುಕೊಟ್ಟ ದಿನಗಳಲ್ಲೇ ಆ ಹಕ್ಕಿಗಾಗಿ ಸಂಘಟಿತರಾಗುವ ದಾರಿ ಮುಚ್ಚಿತ್ತು ಎಂಬುದನ್ನು ಅರಸು ಯುಗದ ಹೊಗಳಿಕೆಯಲ್ಲಿ ಮರೆಯಬಾರದು.

ಗಣಿ ಯುಗದಲ್ಲಿ ಕಥೆ ತಿರುವು ಪಡೆಯಿತು. ಧಾರವಾಡ ಮೂಲದ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪು ಅತಿ ಹೆಚ್ಚು ಅಕ್ರಮ ಎಸಗಿದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಸಂಡೂರಿನ ಬೆಟ್ಟಗಳು ಕರಗುತ್ತಿದ್ದಾಗ ನ್ಯಾಯಾಲಯದ ಬಾಗಿಲು ತಟ್ಟಿದ್ದು ಒಂದು ಸಂಘ.

ಇಂಥ ಸಂಘಗಳ ಬೇರು ಕೀಳುವುದು ಸರ್ಕಾರಗಳಿಗೆ ಎಷ್ಟು ಸುಲಭವೆಂಬುದಕ್ಕೆ ಬೆಲಾರಸ್ ಸಾಕ್ಷಿ. ಅಲ್ಲಿನ ‘ವ್ಯಾಸ್ನಾ’ ಎಂಬ ಮಾನವ ಹಕ್ಕು ಸಂಸ್ಥೆಯ ನೋಂದಣಿಯನ್ನು 2003ರಲ್ಲಿ ರದ್ದುಮಾಡಲಾಯಿತು. ನೋಂದಣಿಯಿಲ್ಲದ ಸಂಘದ ಹೆಸರಿನಲ್ಲಿ ಕೆಲಸ ಮಾಡುವುದನ್ನು 2005ರಲ್ಲಿ ಅಪರಾಧವೆಂದು ಸಾರಲಾಯಿತು. ವ್ಯಾಸ್ನಾದ ಸ್ಥಾಪಕ ಅಲೆಸ್ ಬಿಯಾಲಿಯಾತ್ಸ್ಕಿ 2022ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಾಗ ಜೈಲಿನಲ್ಲಿದ್ದರು.

ಭಾರತದಲ್ಲಿ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ನಿಷೇಧವನ್ನು ಹೈಕೋರ್ಟ್ ನ್ಯಾಯಮೂರ್ತಿಯ ನ್ಯಾಯಮಂಡಳಿ ಪರಿಶೀಲಿಸಬೇಕೆಂದಿದೆ. ವಿ.ಜಿ. ರಾವ್ ತೀರ್ಪು ಕೇಳಿದ್ದ ನ್ಯಾಯಿಕ ಪರಿಶೀಲನೆ ಅಷ್ಟರಮಟ್ಟಿಗೆ ಒಳಬಂತು. ಸದಸ್ಯತ್ವದ ಪ್ರಶ್ನೆ ಮಾತ್ರ ಹಿಂದಕ್ಕೆ ಸರಿದಿದೆ. ಹಿಂಸೆಯಲ್ಲಿ ಪಾಲ್ಗೊಳ್ಳದೆ ಬರೀ ಸದಸ್ಯನಾಗಿದ್ದರೆ ಅಪರಾಧವಲ್ಲ ಎಂದು 2011ರಲ್ಲಿ ಅರೂಪ್ ಭುಯಾನ್ ಪ್ರಕರಣದಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಮಾರ್ಚ್ 24ರಂದು ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ ಆ ಮಾತನ್ನು ತೆಗೆದುಹಾಕಿತು. ನಿಷೇಧಿತ ಸಂಘದ ಸದಸ್ಯತ್ವವೊಂದೇ ಈಗ ಶಿಕ್ಷೆಗೆ ಸಾಕು. 1908ರ ತರ್ಕ ಮರಳಿ ಬಂದಿದೆ.

ಈ ಚರಿತ್ರೆಯ ಸ್ಥಳೀಯ ಅಧ್ಯಾಯ ಪೂರ್ತಿಯಾಗಬೇಕಿದೆ. 1973ರಲ್ಲಿ ಜೈಲು ಸೇರಿದ ಗೇಣಿದಾರರ ನೆನಪುಗಳು, ಅವರ ಮೇಲೆ ಹೂಡಿದ ಮೊಕದ್ದಮೆಗಳ ಕಡತಗಳು ಕಾಲಕ್ಕೆ ಬಲಿಯಾಗುವ ಮೊದಲು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಈ ಸೀಮೆಯ ವಕೀಲರ ಸಂಘಗಳು ಒಟ್ಟಾಗಿ ಅವನ್ನು ದಾಖಲಿಸುವ ಕೆಲಸಕ್ಕೆ ಕೈಹಾಕಬೇಕು.