ಸ್ವಯಂಚಾಲಿತ ಗೇರ್‌ನ ಸಣ್ಣ ಕಾರುಗಳಲ್ಲಿ ಇಂಧನ ಮಿತವ್ಯಯ: ವಾಹನ ಮಾಲೀಕರ ಹಾಗೂ ಚಾಲಕರ ಮಾಹಿತಿಗಾಗಿ

1. ಪೀಠಿಕೆ

ಕ್ಲಚ್ ಪೆಡಲ್ ಇಲ್ಲದ ಸಣ್ಣ ಕಾರು ಹಿಂದೆ ಅಪರೂಪವಾಗಿತ್ತು. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿನೊಂದಿಗೆ ಕಡಿಮೆ ವೆಚ್ಚದ ಎ.ಎಂ.ಟಿ. ವ್ಯವಸ್ಥೆಯು ಭಾರತದ ಮಾರುಕಟ್ಟೆಗೆ ಬಂದ ನಂತರ, ಪ್ರತಿದಿನ ಕಛೇರಿಗೆ ಹೋಗಿ ಬರುವವರಲ್ಲಿ ಇಂತಹ ವಾಹನಗಳ ಬಳಕೆ ಹೆಚ್ಚಿದೆ. ಗೇರನ್ನು ಯಂತ್ರವೇ ಬದಲಿಸುವುದರಿಂದ ಇಂಧನ ಉಳಿಸುವುದು ಚಾಲಕರ ಕೈಯಲ್ಲಿಲ್ಲ ಎಂದು ಭಾವಿಸುವುದು ಸರಿಯಲ್ಲ. ಯಾವ ಗೇರ್ ಬೇಕೆಂಬುದನ್ನು ಯಂತ್ರವು ಬಹುಮಟ್ಟಿಗೆ ವಾಹನದ ವೇಗ ಹಾಗೂ ಆಕ್ಸಿಲರೇಟರ್ ಪೆಡಲ್‌ನ ಸ್ಥಾನವನ್ನು ನೋಡಿಯೇ ನಿರ್ಧರಿಸುತ್ತದೆ. ಆದ್ದರಿಂದ ಚಾಲಕರ ಬಲಗಾಲಿನ ಸಂಯಮವೇ ಮಿತವ್ಯಯದ ಮೂಲ. ಸಾರ್ವಜನಿಕರ ಅನುಕೂಲಕ್ಕಾಗಿ ಅಗತ್ಯ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

2. ಗೇರ್ ವ್ಯವಸ್ಥೆಯ ವಿಧಗಳು

(ಅ) ಎ.ಎಂ.ಟಿ.: ಇದು ಸಾಮಾನ್ಯ ಗೇರ್‌ಬಾಕ್ಸ್ ಆಗಿದ್ದು, ಕ್ಲಚ್ ಒತ್ತುವ ಹಾಗೂ ಗೇರ್ ಬದಲಿಸುವ ಕೆಲಸವನ್ನು ಯಾಂತ್ರಿಕ ಸಾಧನವು ನಿರ್ವಹಿಸುತ್ತದೆ.
(ಆ) ಸಿ.ವಿ.ಟಿ.: ನಿಗದಿತ ಗೇರ್‌ಗಳ ಬದಲು ಎರಡು ಪುಲ್ಲಿಗಳ ನಡುವಿನ ಬೆಲ್ಟ್ ಮೂಲಕ ಚಕ್ರಗಳಿಗೆ ಶಕ್ತಿ ತಲುಪುತ್ತದೆ.
(ಇ) ಟಾರ್ಕ್ ಕನ್ವರ್ಟರ್: ಎಂಜಿನ್‌ನ ಶಕ್ತಿಯು ದ್ರವದ ಮೂಲಕ ಗೇರ್‌ಬಾಕ್ಸ್‌ಗೆ ವರ್ಗಾವಣೆಯಾಗುತ್ತದೆ.

ತಮ್ಮ ವಾಹನ ಯಾವ ವಿಧದ್ದೆಂಬುದನ್ನು ಮಾಲೀಕರ ಕೈಪಿಡಿಯಿಂದ ತಿಳಿದುಕೊಳ್ಳತಕ್ಕದ್ದು.

3. ದೈನಂದಿನ ಸಂಚಾರದಲ್ಲಿ ಅನುಸರಿಸಬೇಕಾದ ಕ್ರಮಗಳು

1) ವಾಹನವನ್ನು ಚಾಲೂ ಮಾಡಿದ ನಂತರ ಎಂಜಿನ್ ಬಿಸಿಯಾಗಲೆಂದು ಬಹಳ ಹೊತ್ತು ನಿಲ್ಲಿಸಿಕೊಳ್ಳುವ ಅಗತ್ಯವಿಲ್ಲ. ಅರ್ಧ ನಿಮಿಷದೊಳಗೆ ಹೊರಟು, ಮೊದಲ ಕೆಲವು ಕಿಲೋಮೀಟರ್ ಮೃದುವಾಗಿ ಚಾಲನೆ ಮಾಡುವುದು ಸೂಕ್ತ.

2) ಪೆಡಲನ್ನು ಹಠಾತ್ತನೆ ಪೂರ್ಣ ಒತ್ತಿದಲ್ಲಿ ಯಂತ್ರವು ಕೆಳಗಿನ ಗೇರ್‌ಗೆ ಇಳಿದು ಇಂಧನ ವ್ಯಯ ಏರುತ್ತದೆ. ಕ್ರಮೇಣ ಒತ್ತಿದಲ್ಲಿ ಮೇಲಿನ ಗೇರ್ ಬೇಗನೆ ಬರುತ್ತದೆ. ಎ.ಎಂ.ಟಿ. ವಾಹನಗಳಲ್ಲಿ ಗೇರ್ ಬದಲಾಗುವ ವೇಳೆಗೆ ಪೆಡಲನ್ನು ಸ್ವಲ್ಪ ಸಡಿಲಿಸಿದರೆ ಜಗ್ಗುವಿಕೆಯೂ ಕಡಿಮೆಯಾಗುತ್ತದೆ.

3) ಬೆಂಗಳೂರಿನ ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದಂತಹ ದಟ್ಟಣೆಯಲ್ಲಿ ಮುಂದಿನ ವಾಹನದೊಂದಿಗೆ ಅಂತರ ಕಾಯ್ದುಕೊಂಡು, ಬ್ರೇಕ್ ಸಡಿಲಿಸಿದಾಗ ವಾಹನವು ತಾನಾಗಿಯೇ ತೆವಳುವ ಗುಣವನ್ನು ಬಳಸಿಕೊಳ್ಳುವುದು. ಮುನ್ನುಗ್ಗಿ ಮತ್ತೆ ಬ್ರೇಕ್ ಹಾಕಿದಾಗಲೆಲ್ಲ ಖರ್ಚಾದ ಇಂಧನವು ಬ್ರೇಕ್‌ನಲ್ಲಿ ಶಾಖವಾಗಿ ನಷ್ಟವಾಗುತ್ತದೆ.

4) ಎರಡೂ ಪೆಡಲ್‌ಗಳಿಗೆ ಬಲಗಾಲನ್ನು ಮಾತ್ರ ಬಳಸತಕ್ಕದ್ದು. ಎಡಗಾಲನ್ನು ಬ್ರೇಕ್ ಮೇಲೆ ಇರಿಸುವ ಅಭ್ಯಾಸದಿಂದ ಚಾಲಕರಿಗೆ ತಿಳಿಯದಂತೆಯೇ ಬ್ರೇಕ್ ಉಜ್ಜುತ್ತಿರುತ್ತದೆ.

5) ಸಿಗ್ನಲ್‌ನಲ್ಲಿ ಕೆಲವೇ ಸೆಕೆಂಡುಗಳ ನಿಲುಗಡೆಯಿದ್ದಲ್ಲಿ 'ಡಿ' ಸ್ಥಾನದಲ್ಲಿಯೇ ಬ್ರೇಕ್ ಒತ್ತಿ ನಿಲ್ಲುವುದು. ಹೆಚ್ಚು ಹೊತ್ತು ನಿಲ್ಲಬೇಕಾದಲ್ಲಿ 'ಎನ್' ಸ್ಥಾನಕ್ಕೆ ತಂದು ಕೈಬ್ರೇಕ್ ಹಾಕುವುದು. ಸೆಕೆಂಡು ಸೂಚಕವು ಒಂದು ನಿಮಿಷಕ್ಕಿಂತ ಅಧಿಕ ತೋರಿಸಿದಲ್ಲಿ ಎಂಜಿನ್ ನಿಲ್ಲಿಸುವುದು ಲಾಭದಾಯಕ.

6) ವಾಹನದಲ್ಲಿ ಕುಳಿತೊಡನೆ ಎ.ಸಿ.ಯನ್ನು ಪೂರ್ಣ ಪ್ರಮಾಣದಲ್ಲಿ ಹಾಕುವ ಬದಲು, ಮೊದಲು ಕಿಟಕಿ ತೆರೆದು ಒಳಗಿನ ಬಿಸಿಗಾಳಿಯನ್ನು ಹೊರಹಾಕುವುದು.

7) ಹೆದ್ದಾರಿಯಲ್ಲಿ ಮಿತವಾದ, ಏಕರೀತಿಯ ವೇಗ ಕಾಯ್ದುಕೊಳ್ಳುವುದು. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಇಮ್ಮಡಿಯಾದರೆ ಪ್ರತಿರೋಧವು ನಾಲ್ಕು ಪಟ್ಟಾಗುತ್ತದೆ.

4. ಏರು ಹಾಗೂ ಇಳಿಜಾರು: ಸುರಕ್ಷತೆಯ ಎಚ್ಚರಿಕೆ

ಉಳಿತಾಯದ ಹೆಸರಿನಲ್ಲಿ ಜೀವವನ್ನು ಅಪಾಯಕ್ಕೊಡ್ಡತಕ್ಕದ್ದಲ್ಲ. ಆಗುಂಬೆ, ಚಾರ್ಮಾಡಿ ಮುಂತಾದ ಘಾಟಿಗಳನ್ನು ಇಳಿಯುವಾಗ 'ಎನ್' ಸ್ಥಾನದಲ್ಲಿ ವಾಹನವನ್ನು ಉರುಳಲು ಬಿಡುವುದು ಅಪಾಯಕಾರಿ. ಇದರಿಂದ ಇಂಧನವೂ ಉಳಿಯುವುದಿಲ್ಲ. ಇಂದಿನ ಎಂಜಿನ್‌ಗಳಲ್ಲಿ ವಾಹನವು ಗೇರ್‌ನಲ್ಲಿದ್ದು ಪೆಡಲ್‌ನಿಂದ ಕಾಲು ತೆಗೆದಾಗ, ಇಂಧನದ ಪೂರೈಕೆ ತಾನಾಗಿಯೇ ಬಹುತೇಕ ನಿಲ್ಲುತ್ತದೆ. 'ಎನ್' ಸ್ಥಾನದಲ್ಲಾದರೋ ಎಂಜಿನ್ ತಿರುಗುತ್ತಿರಲು ಇಂಧನ ಬೇಕೇ ಬೇಕು. ಜೊತೆಗೆ ಎಂಜಿನ್‌ನ ಹಿಡಿತ ತಪ್ಪಿ ಪೂರ್ಣ ಹೊರೆ ಬ್ರೇಕ್ ಮೇಲೆ ಬಿದ್ದು, ಅದು ಕಾದು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಘಾಟಿಯಲ್ಲಿ 'ಎಲ್' ಅಥವಾ 'ಎಂ' ಸ್ಥಾನವನ್ನು ಬಳಸಿ ಕೆಳಗಿನ ಗೇರ್‌ನಲ್ಲಿ ಇಳಿಯತಕ್ಕದ್ದು.

ಚಲಿಸುತ್ತಿರುವ ವಾಹನದ ಎಂಜಿನನ್ನು ಯಾವುದೇ ಕಾರಣಕ್ಕೂ ನಿಲ್ಲಿಸಬಾರದು. ಹಾಗೆ ಮಾಡಿದಲ್ಲಿ ಬ್ರೇಕ್ ಹಾಗೂ ಸ್ಟೀರಿಂಗ್‌ಗೆ ದೊರೆಯುವ ಯಾಂತ್ರಿಕ ಸಹಾಯ ತಪ್ಪಿಹೋಗುತ್ತದೆ.

ಏರಿನಲ್ಲಿ ನಿಂತಾಗ ವಾಹನವು ಹಿಂದಕ್ಕೆ ಜಾರದಂತೆ ಆಕ್ಸಿಲರೇಟರ್ ಒತ್ತಿ ಹಿಡಿಯುವುದರಿಂದ ಎ.ಎಂ.ಟಿ. ವಾಹನದ ಕ್ಲಚ್ ಸವೆದುಹೋಗುತ್ತದೆ. ಕ್ಲಚ್ ಬದಲಾವಣೆಯ ವೆಚ್ಚವು ಹಲವು ತಿಂಗಳ ಉಳಿತಾಯವನ್ನು ನುಂಗಬಲ್ಲದು. ಇಂತಹ ಸಂದರ್ಭದಲ್ಲಿ ಬ್ರೇಕನ್ನೇ ಬಳಸುವುದು.

5. ವಾಹನದ ನಿರ್ವಹಣೆ

ಟೈರ್‌ಗಳ ಗಾಳಿಯ ಒತ್ತಡವನ್ನು ಎರಡು ವಾರಗಳಿಗೊಮ್ಮೆ, ಟೈರ್ ತಣ್ಣಗಿರುವಾಗ ಪರೀಕ್ಷಿಸುವುದು. ನಿಗದಿತ ಒತ್ತಡವನ್ನು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಬಳಿಯ ಚೀಟಿಯಲ್ಲಿ ನಮೂದಿಸಲಾಗಿರುತ್ತದೆ. ಡಿಕ್ಕಿಯಲ್ಲಿನ ಅನಗತ್ಯ ಭಾರವನ್ನು ತೆಗೆಯುವುದು. ಕೈಪಿಡಿಯಲ್ಲಿ ಸೂಚಿಸಿರುವ ದರ್ಜೆಯ ಎಂಜಿನ್ ಆಯಿಲನ್ನೇ ಬಳಸುವುದು.

6. ಉಳಿತಾಯದ ಲೆಕ್ಕ (ಉದಾಹರಣೆ)

ದಿನಕ್ಕೆ 30 ಕಿ.ಮೀ.ನಂತೆ ತಿಂಗಳಿಗೆ 25 ದಿನ ಸಂಚರಿಸಿದಲ್ಲಿ ವರ್ಷಕ್ಕೆ 9,000 ಕಿ.ಮೀ. ಆಗುತ್ತದೆ. ಲೀಟರ್‌ಗೆ 15 ಕಿ.ಮೀ. ದೊರೆತಲ್ಲಿ 600 ಲೀಟರ್ ಪೆಟ್ರೋಲ್ ಬೇಕು, 18 ಕಿ.ಮೀ. ದೊರೆತಲ್ಲಿ 500 ಲೀಟರ್ ಸಾಕು. ಲೀಟರ್‌ಗೆ ರೂ. 100 ಎಂದು ಲೆಕ್ಕ ಹಿಡಿದರೂ ವಾರ್ಷಿಕ ಉಳಿತಾಯ ರೂ. 10,000. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, 230 ಕಿ.ಗ್ರಾಂನಷ್ಟು ಮಾಲಿನ್ಯವೂ ತಪ್ಪುತ್ತದೆ.

ಮೈಲೇಜ್ ಅಳೆಯಲು ಟ್ಯಾಂಕ್ ಪೂರ್ಣ ತುಂಬಿಸಿ ಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳುವುದು. ಮುಂದಿನ ಬಾರಿಯೂ ಪೂರ್ಣ ತುಂಬಿಸಿ, ಕ್ರಮಿಸಿದ ದೂರವನ್ನು ಹಾಕಿಸಿದ ಲೀಟರ್‌ಗಳಿಂದ ಭಾಗಿಸುವುದು. ಮೂರು ನಾಲ್ಕು ಬಾರಿಯ ಸರಾಸರಿಯನ್ನು ಮಾತ್ರ ಪರಿಗಣಿಸುವುದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಯಂಚಾಲಿತ ಕಾರಿಗೆ ಪ್ರತ್ಯೇಕ ಚಾಲನಾ ಅನುಜ್ಞಾಪತ್ರ ಅಗತ್ಯವೇ?
ಉತ್ತರ: ಇಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 10ರಲ್ಲಿ ಲಘು ಮೋಟಾರು ವಾಹನ ಎಂಬ ಒಂದೇ ವರ್ಗವಿದ್ದು, ಎರಡೂ ಬಗೆಯ ಕಾರುಗಳು ಅದರಲ್ಲಿ ಸೇರುತ್ತವೆ. ಆದರೆ ಸ್ವಯಂಚಾಲಿತ ಕಾರಿನಲ್ಲಿ ಮಾತ್ರ ಕಲಿತವರು ಕ್ಲಚ್ ಇರುವ ಕಾರನ್ನು ರಸ್ತೆಗಿಳಿಸುವ ಮುನ್ನ ಅಭ್ಯಾಸ ಮಾಡುವುದು ಕ್ಷೇಮಕರ.

ಪ್ರಶ್ನೆ: ತಯಾರಕರು ತಿಳಿಸಿದ ಮೈಲೇಜ್ ದೊರೆಯುತ್ತಿಲ್ಲವೇಕೆ?
ಉತ್ತರ: ಅದು ಪ್ರಯೋಗಾಲಯದಲ್ಲಿ ನಿಗದಿತ ವೇಗಕ್ರಮದಂತೆ ನಡೆಸಿದ ಪರೀಕ್ಷೆಯ ಫಲಿತಾಂಶ. ವಾಹನಗಳನ್ನು ಪರಸ್ಪರ ಹೋಲಿಸಲು ಮಾತ್ರ ಅದು ಉಪಯುಕ್ತ.

ಪ್ರಶ್ನೆ: ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲ್‌ನಿಂದ ಮೈಲೇಜ್ ಕುಗ್ಗುತ್ತದೆಯೇ?
ಉತ್ತರ: ಕುಗ್ಗಬಹುದು. ಎಥೆನಾಲ್‌ನಲ್ಲಿ ಲೀಟರ್‌ವಾರು ಶಕ್ತಿಯು ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ನೀತಿ ಆಯೋಗದ 2021ರ ವರದಿಯು ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ. 6ರಿಂದ 7, ಈ ಇಂಧನಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2ರಷ್ಟು ಇಳಿಕೆಯನ್ನು ಅಂದಾಜಿಸಿದೆ.

ಪ್ರಶ್ನೆ: ಸಿ.ಎನ್.ಜಿ. ಕಿಟ್ ಅಳವಡಿಸಬಹುದೇ?
ಉತ್ತರ: ಅನುಮೋದಿತ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲಿ ಮಾತ್ರ ಅಳವಡಿಸಿ, ಕಲಂ 52ರ ಅನ್ವಯ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು.

8. ವಿಶೇಷ ಸೂಚನೆ

ನೋಂದಣಿಯಾಗಿ ಒಂದು ವರ್ಷ ಪೂರ್ಣಗೊಂಡ ವಾಹನಗಳು ಚಾಲ್ತಿಯಲ್ಲಿರುವ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಹೊಂದಿರುವುದು ಕಡ್ಡಾಯ. ಈ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ತಮ್ಮ ವಾಹನದ ಕೈಪಿಡಿಯಲ್ಲಿ ಭಿನ್ನವಾದ ಸೂಚನೆಯಿದ್ದಲ್ಲಿ ಅದನ್ನೇ ಪಾಲಿಸುವಂತೆ ಕೋರಲಾಗಿದೆ.