ತಾರೆಗಳನ್ನು ತಂಡವಾಗಿಸುವ ತರಬೇತುದಾರರು

ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠ ತರಬೇತುದಾರರ ಸಾಲಿನಲ್ಲಿ ಅಮೆರಿಕದ ಫಿಲ್ ಜಾಕ್ಸನ್ ಅವರ ಹೆಸರು ಮುಂಚೂಣಿಯಲ್ಲಿದೆ. 1989ರಲ್ಲಿ ಅವರು ಷಿಕಾಗೊ ಬುಲ್ಸ್ ತಂಡದ ಹೊಣೆ ಹೊತ್ತಾಗ ಮೈಕೆಲ್ ಜೋರ್ಡನ್ ಆಗಲೇ ಮಹಾತಾರೆಯಾಗಿದ್ದರು. ತಂಡಕ್ಕೆ ಮಾತ್ರ ಒಂದು ಪ್ರಶಸ್ತಿಯೂ ದಕ್ಕಿರಲಿಲ್ಲ. ಚೆಂಡು ಐವರ ಕೈಯಲ್ಲೂ ಹರಿದಾಡಬೇಕಾದ ತ್ರಿಕೋನ ದಾಳಿಯ ಪದ್ಧತಿಯನ್ನು ಜಾಕ್ಸನ್, ಸಹಾಯಕ ಟೆಕ್ಸ್ ವಿಂಟರ್ ಅವರ ನೆರವಿನಿಂದ ರೂಢಿಗೆ ತಂದರು. ಪಂದ್ಯವೊಂದಕ್ಕೆ 33.6 ಇದ್ದ ಜೋರ್ಡನ್ ಅವರ ಸರಾಸರಿ ಅಂಕ ಮರುವರ್ಷ 31.5ಕ್ಕೆ ಇಳಿಯಿತು. ಅದೇ ಋತುವಿನಲ್ಲಿ, 1991ರಲ್ಲಿ, ಬುಲ್ಸ್ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಆ ಅಂತಿಮ ಸರಣಿಯ ಐದನೇ ಪಂದ್ಯದ ನಡುವೆ, ಎದುರಾಳಿಗಳ ಕಾವಲಿಲ್ಲದೆ ನಿಂತವರು ಯಾರು ಎಂದು ಜಾಕ್ಸನ್ ಜೋರ್ಡನ್ ಅವರನ್ನೇ ಕೇಳಿದ ಪ್ರಸಂಗ ಪ್ರಸಿದ್ಧ. ಉತ್ತರ, ಜಾನ್ ಪ್ಯಾಕ್ಸನ್. ಚೆಂಡು ಅವರತ್ತ ಹೋಯಿತು; ಪಂದ್ಯವೂ ಸರಣಿಯೂ ಬುಲ್ಸ್ ಪಾಲಾದವು.

ಕನ್ನಡಿಗರಿಗೆ ಇಂಥ ತರಬೇತುದಾರನನ್ನು ಹುಡುಕಲು ದೂರ ಹೋಗಬೇಕಿಲ್ಲ. ಆಟ ಬೇರೆ, ಅಷ್ಟೆ. ಬೆಂಗಳೂರಿನ ರಾಹುಲ್ ದ್ರಾವಿಡ್ 2015ರಲ್ಲಿ ಭಾರತ 'ಎ' ಹಾಗೂ 19 ವರ್ಷದೊಳಗಿನವರ ಕ್ರಿಕೆಟ್ ತಂಡಗಳ ತರಬೇತುದಾರರಾದರು. 'ಎ' ತಂಡದೊಡನೆ ಪ್ರವಾಸ ಹೊರಟ ಯಾರೂ ಒಂದು ಪಂದ್ಯವನ್ನಾದರೂ ಆಡದೆ ಮರಳುವುದಿಲ್ಲ ಎಂದು ಅವರು ಮೊದಲೇ ತಿಳಿಸಿಬಿಡುತ್ತಿದ್ದರು. ಬಾಲ್ಯದಲ್ಲಿ ಪ್ರವಾಸ ಹೋಗಿಯೂ ಅವಕಾಶ ಸಿಗದ ನೋವು ಅವರಿಗೇ ಗೊತ್ತಿತ್ತು. ಬೆಂಚಿನಲ್ಲಿ ಕುಳಿತವನ ಅಸಮಾಧಾನಕ್ಕೆ ಇದಕ್ಕಿಂತ ಸರಳವಾದ ಮದ್ದು ಸಿಗುವುದು ಕಷ್ಟ.

ಒಬ್ಬ ಆಟಗಾರ ಕಿರಿಯರ ವಿಶ್ವಕಪ್‌ನಲ್ಲಿ ಒಮ್ಮೆ ಮಾತ್ರ ಆಡಬೇಕೆಂಬ ನಿಯಮವೂ ಅವರ ಕಾಲದ್ದೇ. ಹೀಗಾಗಿ 2016ರಲ್ಲಿ ಆಡಿದ್ದ ವಾಷಿಂಗ್ಟನ್ ಸುಂದರ್, ವಯಸ್ಸಿದ್ದರೂ 2018ರ ತಂಡದಲ್ಲಿರಲಿಲ್ಲ. ಗೆಲುವಿನ ಆಸೆಯಷ್ಟೇ ಮುಖ್ಯವಾಗಿದ್ದರೆ ಅನುಭವಿಯನ್ನು ಕೈಬಿಡಲು ಯಾರೂ ಒಪ್ಪುತ್ತಿರಲಿಲ್ಲ. ಆದರೂ ಪೃಥ್ವಿ ಷಾ ನಾಯಕತ್ವದ ಆ ತಂಡ 2018ರ ಫೆಬ್ರುವರಿ 3ರಂದು ನ್ಯೂಜಿಲೆಂಡ್‌ನ ಮೌಂಟ್ ಮೌಂಗನೂಯಿಯಲ್ಲಿ ಆಸ್ಟ್ರೇಲಿಯವನ್ನು 8 ವಿಕೆಟ್‌ಗಳಿಂದ ಮಣಿಸಿತು. ಮನ್‌ಜೋತ್ ಕಾಲ್ರಾ ಔಟಾಗದೆ 101 ರನ್ ಗಳಿಸಿದರು.

ದ್ರಾವಿಡ್ ಅವರ ನಿಜವಾದ ಪಾಠ ಕಾಣಿಸಿದ್ದು ಕ್ರಿಕೆಟ್ ಮಂಡಳಿ ಬಹುಮಾನ ಪ್ರಕಟಿಸಿದ ನಂತರ. ಅವರಿಗೆ 50 ಲಕ್ಷ ರೂಪಾಯಿ, ಆಟಗಾರರಿಗೆ ತಲಾ 30 ಲಕ್ಷ, ನೆರವು ಸಿಬ್ಬಂದಿಗೆ ತಲಾ 20 ಲಕ್ಷ. ಈ ತಾರತಮ್ಯವನ್ನು ದ್ರಾವಿಡ್ ಪ್ರಶ್ನಿಸಿದರು. ಕೊನೆಗೆ ಅವರೂ ಸಿಬ್ಬಂದಿಯೂ ತಲಾ 25 ಲಕ್ಷ ಪಡೆಯುವಂತಾಯಿತು. ತನ್ನ ಪಾಲನ್ನು ಅರ್ಧಕ್ಕಿಳಿಸಿಕೊಂಡ ತರಬೇತುದಾರ ತ್ಯಾಗದ ಮಾತಾಡಿದರೆ ಹುಡುಗರು ಕೇಳದಿರುವರೇ?

2024ರ ಟಿ-20 ವಿಶ್ವಕಪ್ ಗೆದ್ದಾಗಲೂ ಅದೇ ಆಯಿತು. ಮುಖ್ಯ ತರಬೇತುದಾರರಾಗಿ ತಮಗೆ ನಿಗದಿಯಾದ 5 ಕೋಟಿ ರೂಪಾಯಿಯ ಬದಲು, ಬ್ಯಾಟಿಂಗ್, ಬೌಲಿಂಗ್ ಹಾಗೂ ಫೀಲ್ಡಿಂಗ್ ತರಬೇತುದಾರರಷ್ಟೇ, ಅಂದರೆ 2.5 ಕೋಟಿ ಸಾಕೆಂದು ಅವರು ಹೇಳಿದ್ದಾಗಿ ವರದಿಯಾಯಿತು.