ಕಬ್ಬಾಳದುರ್ಗದ ಚಾರ್ನೋಕೈಟ್

ಕಬ್ಬಾಳದುರ್ಗದ ಚಾರ್ನೋಕೈಟ್ ಎಂಬುದು ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ ಕಂಡುಬರುವ ಪ್ರಾಚೀನ ರೂಪಾಂತರಿತ ಶಿಲೆ. ಇದು ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡಿತು. ಒಂದು ಶಿಲೆಯು ಮತ್ತೊಂದಾಗಿ ಮಾರ್ಪಡುತ್ತಿದ್ದಾಗ ಅರ್ಧಕ್ಕೇ ನಿಂತುಹೋದ ಸ್ಥಿತಿಯನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಈ ಕಾರಣದಿಂದ ಕಬ್ಬಾಳದುರ್ಗವು ಭೂವಿಜ್ಞಾನಿಗಳಲ್ಲಿ ಪ್ರಸಿದ್ಧವಾಗಿದೆ.

ಹಿನ್ನೆಲೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ತಳಹದಿಯು ಪರ್ಯಾಯದ್ವೀಪ ನೈಸ್ ಎಂಬ ಬೂದುಬಣ್ಣದ, ಪಟ್ಟೆಗಳುಳ್ಳ ರೂಪಾಂತರಿತ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ವರ್ಗದ್ದು. ಈ ನೈಸ್ ಅನ್ನು ಭೇದಿಸಿ ಮೇಲೇರಿದ ಶಿಲಾರಸವು ನೆಲದಾಳದಲ್ಲಿ ತಣಿದು ಗ್ರಾನೈಟ್ ಆಯಿತು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಬಂದಿದೆ. ರಾಮದೇವರ ಬೆಟ್ಟ ಮತ್ತು ಮಾಗಡಿಯ ಸಾವನದುರ್ಗ ಈ ಅಗ್ನಿಶಿಲೆಯ ಬೆಟ್ಟಗಳು. ಇಲ್ಲಿಂದ ದಕ್ಷಿಣಕ್ಕೆ ಸಾಗಿದಂತೆ ನೈಸ್ ಪ್ರದೇಶ ಮುಗಿದು, ಬಿಳಿಗಿರಿರಂಗನ ಬೆಟ್ಟದ ಕಡೆ ಚಾರ್ನೋಕೈಟ್ ಪ್ರದೇಶ ಆರಂಭವಾಗುತ್ತದೆ. ಕಬ್ಬಾಳದುರ್ಗವು ಇವೆರಡರ ನಡುವಿನ ಸಂಕ್ರಮಣ ವಲಯದಲ್ಲಿದೆ.

ಹೆಸರು ಮತ್ತು ಲಕ್ಷಣ

ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಸಮಾಧಿಯ ಕಲ್ಲು ಈ ಬಗೆಯದಾಗಿದ್ದುದರಿಂದ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಇದಕ್ಕೆ ಚಾರ್ನೋಕೈಟ್ ಎಂದು ಹೆಸರಿಟ್ಟರು. ಇದು ಕಡುಹಸಿರು ಛಾಯೆಯ, ಎಣ್ಣೆ ಸವರಿದಂತೆ ತೋರುವ ಶಿಲೆ. ಆರ್ಥೋಪೈರಾಕ್ಸೀನ್ ಇದರ ವಿಶಿಷ್ಟ ಖನಿಜ. ಕಬ್ಬಾಳಿನ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸ್‌ನ ನಡುವೆ ಈ ಶಿಲೆಯು ಮಚ್ಚೆಗಳಾಗಿಯೂ ಎಳೆಗಳಾಗಿಯೂ ಹರಡಿದೆ. ಕೆಲವೆಡೆ ಅದು ನೈಸ್‌ನ ಪಟ್ಟೆಗಳನ್ನೇ ಅಡ್ಡಹಾಯ್ದು ಅಳಿಸಿಹಾಕಿದೆ.

ರೂಪಾಂತರದ ಕ್ರಮ

ಹಾಲೆಂಡ್ ಅವರು ಚಾರ್ನೋಕೈಟನ್ನು ಶಿಲಾರಸದಿಂದ ನೇರವಾಗಿ ಹುಟ್ಟಿದ ಅಗ್ನಿಶಿಲೆಯೆಂದು ಪರಿಗಣಿಸಿದ್ದರು. ಆದರೆ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಬ್ಬಾಳದ ಶಿಲೆಗಳನ್ನು ವಿವರಿಸಿ, ನೈಸ್ ಶಿಲೆಯೇ ಚಾರ್ನೋಕೈಟ್ ಆಗಿ ಮಾರ್ಪಡುತ್ತಿರುವುದನ್ನು ತೋರಿಸಿದರು. ನೆಲದಾಳದ ತೀವ್ರ ಉಷ್ಣತೆ ಮತ್ತು ಒತ್ತಡದಲ್ಲಿ ಹಾರ್ನ್‌ಬ್ಲೆಂಡ್ ಹಾಗೂ ಕಪ್ಪು ಅಭ್ರಕಗಳು ತಮ್ಮಲ್ಲಿನ ನೀರಿನಂಶವನ್ನು ಕಳೆದುಕೊಂಡು ಆರ್ಥೋಪೈರಾಕ್ಸೀನ್ ಆಗುತ್ತವೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವ ದ್ರವಗಳು ಬಿರುಕುಗಳ ಮೂಲಕ ಒಳಹೊಕ್ಕು ಈ ಕ್ರಿಯೆಗೆ ನೆರವಾದವೆಂಬುದು 1980ರ ದಶಕದಿಂದ ಪ್ರಚಲಿತವಾದ ಪ್ರಮುಖ ವಿವರಣೆ.

ಮಹತ್ವ

ಭೂಖಂಡಗಳ ತೊಗಟೆಯ ಕೆಳಭಾಗವನ್ನು ನೇರವಾಗಿ ನೋಡುವುದು ಅಸಾಧ್ಯ. ಸವೆತದಿಂದ ಮೇಲಿನ ಪದರಗಳು ಕಳಚಿಹೋಗಿ, ಒಂದು ಕಾಲಕ್ಕೆ ಹಲವು ಕಿಲೋಮೀಟರ್ ಆಳದಲ್ಲಿದ್ದ ಭಾಗವು ಕಬ್ಬಾಳದಲ್ಲಿ ಹೊರಕ್ಕೆ ಬಂದಿದೆ. ಮಾರ್ಪಾಡು ಪೂರ್ಣಗೊಂಡಿದ್ದರೆ ಮೂಲಶಿಲೆಯ ಕುರುಹು ಅಳಿದುಹೋಗುತ್ತಿತ್ತು. ಅದು ಅಪೂರ್ಣವಾಗಿ ಉಳಿದುದರಿಂದಲೇ ಎರಡೂ ಶಿಲೆಗಳ ಸಂಬಂಧವನ್ನು ಇಲ್ಲಿ ಗುರುತಿಸಲು ಸಾಧ್ಯವಾಗಿದೆ.